ಆಟಿ ತಿಂಗಳಿನ ಬೊಕೆ: ದುಬೈಯಿಂದ ಸಂತೆಕಟ್ಟೆಗೆ

ಕಳಿಸುವವಳು ದುಬೈಯಲ್ಲಿ, ಪಡೆಯುವವರು ಉಡುಪಿಯ ಸಂತೆಕಟ್ಟೆಯಲ್ಲಿ, ಬೊಕೆ ಕಟ್ಟುವವರು ಉಡುಪಿ ಪೇಟೆಯಲ್ಲಿ. ಸಂದರ್ಭ, ತಾಯಿಯ 75ನೇ ಹುಟ್ಟುಹಬ್ಬ. ದಿನ, ಜುಲೈ ಕೊನೆಯ ಭಾನುವಾರ. ಅಂದರೆ ತುಳುನಾಡಿನ ಆಟಿ ತಿಂಗಳು, ಮಳೆ ಬಿಡದೆ ಹೊಯ್ಯುವ ಹೊತ್ತು. ತಲುಪಿಸುವ ಖರ್ಚೂ ಸೇರಿ 3,000 ರೂಪಾಯಿಯಲ್ಲಿ ಕೆಲಸ ಮುಗಿಯಬೇಕು. ಬೇಡಿಕೆ ಏನೆಂದರೆ ವಾಟ್ಸಾಪಿನಲ್ಲಿ ಬಂದ ಒಂದು ಚಿತ್ರ: 24 ಕೆಂಪು ಗುಲಾಬಿ, ಆರು ಬಿಳಿ ಲಿಲ್ಲಿ, ನಡುನಡುವೆ ನೀಲಿ ಆರ್ಕಿಡ್, ಸುತ್ತಲೂ ಮಂಜಿನ ಹಾಗೆ ಜಿಪ್ಸಿ ಎಂಬ ಸಣ್ಣ ಬಿಳಿ ಹೂವು. ಕೆಳಗೆ ಒಂದೇ ಸಾಲು: "ಅಣ್ಣಾ, ಸೇಮ್ ಇದೇ ಬೇಕು, ಬೇರೆ ಎಂತದೂ ಬೇಡ."

ಪ್ರಕರಣದ ಮೂರೂ ತುದಿಗಳು ನನಗೆ ಪರಿಚಯ. ಕಳಿಸುವವಳು ಚಿಕ್ಕಮ್ಮನ ಮಗಳು. ಹೂವಿನ ಅಂಗಡಿಯ ಹೆಂಗಸು ನಾನು ಬ್ಯಾಂಕಿನಲ್ಲಿದ್ದ ಕಾಲದ ಸಣ್ಣ ಸಾಲದ ಗಿರಾಕಿ; ಕಂತು ತಪ್ಪಿಸಿದವರಲ್ಲ. ನಿವೃತ್ತನಾದ ಮೇಲೂ ಯಾವ ವ್ಯಾಪಾರ ಕಂಡರೂ ದುಡ್ಡು ಎಲ್ಲಿ ಹುಟ್ಟಿ ಎಲ್ಲಿ ನಿಲ್ಲುತ್ತದೆ ಎಂದು ನೋಡುವ ಚಾಳಿ ಬಿಟ್ಟಿಲ್ಲ. ಪರವೂರಿನಲ್ಲಿ ಮಕ್ಕಳಿರುವ ಮನೆಗಳು ಕರಾವಳಿಯಲ್ಲಿ ಎಷ್ಟೋ ಇರುವುದರಿಂದ ಇದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಹಿಂದಿನ ವರ್ಷ ಇದೇ ಹುಟ್ಟುಹಬ್ಬಕ್ಕೆ ಅವಳು ಒಂದು ದೊಡ್ಡ ಜಾಲತಾಣದಲ್ಲಿ ಆರ್ಡರ್ ಹಾಕಿದ್ದಳು. ಬೆಳಿಗ್ಗೆ ಬರಬೇಕಾದದ್ದು ದೀಪ ಹಚ್ಚುವ ಹೊತ್ತಿಗೆ ಬಂತು. ಗುಲಾಬಿಗಳು ಕತ್ತು ಬಗ್ಗಿಸಿ ನಿಂತಿದ್ದವು, ಲಿಲ್ಲಿಯ ಜಾಗದಲ್ಲಿ ಸುಗಂಧರಾಜ ಇತ್ತು. ದೂರು ಕೊಟ್ಟದ್ದಕ್ಕೆ ಮುಂದಿನ ಖರೀದಿಗೆ ಹತ್ತು ಶೇಕಡಾ ರಿಯಾಯಿತಿಯ ಕೂಪನ್ ಬಂತು. ಈ ವರ್ಷ ಊರಿನ ಅಂಗಡಿಗೇ ನೇರ ಹೇಳಿಸೋಣ ಎಂದು ನನಗೆ ಫೋನು ಮಾಡಿದ್ದು ಆ ಸಿಟ್ಟಿನಲ್ಲಿ.

ಗುರುವಾರ ಸಂಜೆ ಚಿತ್ರವನ್ನು ಅಂಗಡಿಯಲ್ಲಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಚಂದ ಉಂಟು ಸರ್. ಆದ್ರೆ ಈಗ ಆಟಿ ಅಲ್ವಾ? ಮದುವೆ ಇಲ್ಲ, ಸ್ಟೇಜ್ ಇಲ್ಲ, ನಾನು ಹೂ ತರಿಸುದೇ ಕಮ್ಮಿ. ನಿಮ್ಮ ಆರು ಕಡ್ಡಿ ಲಿಲ್ಲಿಗೆ ನಾನು ಬಂಚ್ ತರಿಸ್ಬೇಕು, ಉಳಿದದ್ದು ಯಾರಿಗೆ ಕೊಡುದು?"

"ನೀಲಿ ಆರ್ಕಿಡ್?"

"ಅದು ಬಣ್ಣ ಕುಡಿಸಿದ್ದು ಸರ್. ನೀರು ತಾಗಿದ್ರೆ ಅಮ್ಮನ ಸೀರೆಗೂ ನೀಲಿ ಬರ್ಬಹುದು. ನಾನು ಇಡುದಿಲ್ಲ."

ಈ ಮಾತಿನಲ್ಲೇ ಅರ್ಧ ಪ್ರಕರಣ ಇದೆ. ಹೊರಗಿನವರಿಗೆ ಆಟಿ ಎಂದರೆ ಹಾಲೆ ಮರದ ಕಷಾಯ, ಪತ್ರೊಡೆ, ಆಟಿ ಕಳೆಂಜ. ಹೂವಿನ ಅಂಗಡಿಯವರಿಗೆ ಅದು ಬತ್ತಿದ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುನಾಡಿನ ಮನೆಗಳಲ್ಲಿ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಗುಲಾಬಿ, ಕಾರ್ನೇಷನ್, ಜರ್ಬೆರಾಗಳ ದೊಡ್ಡ ಖರ್ಚು ಮದುವೆ ಮಂಟಪದ್ದು. ಚಿಲ್ಲರೆ ಬೊಕೆ ಅದರ ಅಂಚಿನಲ್ಲಿ ಬದುಕುವ ವ್ಯಾಪಾರ. ಮೇ ತಿಂಗಳಲ್ಲಿ ಮಂಟಪಕ್ಕೆ ತರಿಸಿದ ಹೂವಿನಲ್ಲಿ ಒಂದು ಹಿಡಿ ತೆಗೆದರೆ ಯಾರ ಕೈಗೂ ಬೊಕೆ ಕೊಡಬಹುದು. ಆಟಿಯಲ್ಲಿ ಆ ಮಂಟಪವೇ ಇಲ್ಲ. ತರಿಸಿದ್ದು ಕಮ್ಮಿ, ತರಿಸಿದ್ದು ಖಾಲಿಯಾಗುವುದೂ ನಿಧಾನ, ಹಾಗಾಗಿ ಬಕೆಟ್ಟಿನಲ್ಲಿರುವ ಹೂವಿನ ವಯಸ್ಸೂ ಒಂದೆರಡು ದಿನ ಜಾಸ್ತಿ. ಇಂಥ ಚಿತ್ರ ಹಾಕುವ ಜಾಲತಾಣಗಳಿಗೆ ವರ್ಷದ ಎಲ್ಲ ತಿಂಗಳೂ ಒಂದೇ.

ಇನ್ನೊಂದು ಸಂಗತಿ ದಾರಿ. ಉಡುಪಿ, ಮಂಗಳೂರಿನಲ್ಲಿ ಸಿಗುವ ಕಡ್ಡಿ ಗುಲಾಬಿ ಇಲ್ಲಿ ಬೆಳೆದದ್ದಲ್ಲ. ಬೆಂಗಳೂರಿನ ಸುತ್ತ, ಗಡಿಯಾಚೆ ಹೊಸೂರಿನ ಪಾಲಿಹೌಸುಗಳಲ್ಲಿ ಬೆಳೆದು, ಕೆಲವು ಹೆಬ್ಬಾಳದ ಹರಾಜು ಕೇಂದ್ರದ ಮೂಲಕ, ಕೆಲವು ನೇರ ಸಗಟು ವ್ಯಾಪಾರಿಗಳ ಮೂಲಕ ಬರುತ್ತವೆ. ಹೆಬ್ಬಾಳದ ಹರಾಜು ಹಾಲೆಂಡಿನ ಪದ್ಧತಿಯದ್ದು: ಬೆಲೆ ಮೇಲಿನಿಂದ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಮಾಲು. ಅಲ್ಲಿಂದ 20 ಕಡ್ಡಿಯ ಬಂಚುಗಳು ರಟ್ಟಿನ ಪೆಟ್ಟಿಗೆಯಲ್ಲಿ ನೀರಿಲ್ಲದೆ ರಾತ್ರಿ ಬಸ್ಸಿನ ಡಿಕ್ಕಿ ಸೇರುತ್ತವೆ. ಬಸ್ಸಿನೊಳಗೆ ಏಸಿ ಇರುವುದು ಮನುಷ್ಯರಿಗೆ. ಡಿಕ್ಕಿಯಲ್ಲಿ ಎಂಜಿನ್ನಿನ ಬಿಸಿ. ಕಿತ್ತ ಹೂವು ಉಸಿರಾಡುತ್ತಲೇ ಇರುತ್ತದೆ, ಸೆಕೆ ಏರಿದಷ್ಟು ಉಸಿರಾಟ ಜೋರು, ಕೂಡಿಟ್ಟ ಸಕ್ಕರೆ ಅಷ್ಟು ಬೇಗ ಖರ್ಚು. ಒಂದು ರಾತ್ರಿಯ ಪಯಣ ಗುಲಾಬಿಯ ಆಯುಸ್ಸಿನಲ್ಲಿ ಒಂದು ದಿನಕ್ಕಿಂತ ಹೆಚ್ಚನ್ನು ತಿನ್ನುತ್ತದೆ.

ಮಳೆಗಾಲದಲ್ಲಿ ಶಿರಾಡಿ ಘಾಟಿಯೂ ಸೇರಿಕೊಳ್ಳುತ್ತದೆ. ಮಣ್ಣು ಕುಸಿದರೆ ಬಸ್ಸು ಸಂಪಾಜೆಯ ಮೇಲೋ ಇನ್ನೆಲ್ಲೋ ಸುತ್ತು ಹಾಕಬೇಕು. ಚಾರ್ಮಾಡಿಯಲ್ಲಿ ದೊಡ್ಡ ವಾಹನ ಬಿಡುವುದೇ ಕಷ್ಟ. ಬೆಳಗ್ಗಿನ ಪೆಟ್ಟಿಗೆ ಮಧ್ಯಾಹ್ನಕ್ಕೆ ಬಂದರೆ ಅಂಗಡಿಯವರು ಬಸ್ಸಿನವನನ್ನು ಬೈಯಬಹುದು, ಅಷ್ಟೇ.

ಅಂಗಡಿಯವರು ಹೇಳಿದ್ದನ್ನೆಲ್ಲ ತಂಗಿಗೆ ದಾಟಿಸಿದಾಗ ಮೊದಲು ಅವಳಿಗೆ ಅದು ನೆವ ಅನ್ನಿಸಿತು. "ಅವರಲ್ಲಿ ಇಲ್ಲದ್ದಕ್ಕೆ ಕಥೆ ಹೇಳ್ತಾರೆ ಅಣ್ಣಾ, ಮಂಗಳೂರಲ್ಲಿ ಬೇರೆ ಅಂಗಡಿ ನೋಡುವ." ಮಂಗಳೂರಿನಲ್ಲಿ ಅಂಗಡಿಗಳು ಹೆಚ್ಚು, ನಿಜ, ಆದರೆ ಬಸ್ಸು ಅದೇ, ಘಾಟಿ ಅದೇ, ಜೊತೆಗೆ ಅಲ್ಲಿಂದ ಸಂತೆಕಟ್ಟೆಗೆ ಹೆದ್ದಾರಿಯಲ್ಲಿ ಇನ್ನೊಂದು ಒಂದೂವರೆ ಗಂಟೆ. ನಾನು ವಾದಿಸಲಿಲ್ಲ. ಇಬ್ಬರನ್ನೂ ಒಂದೇ ಕರೆಯಲ್ಲಿ ಕೂರಿಸಿದೆ. ಪ್ರಕರಣ ತಿರುಗಿದ್ದು ಅಲ್ಲಿ.

ಅಂಗಡಿಯವರು ಚಿತ್ರದ ಸುದ್ದಿಯನ್ನೇ ಎತ್ತಲಿಲ್ಲ. "ಅಮ್ಮನಿಗೆ ಯಾವ ಬಣ್ಣ ಇಷ್ಟ? ಮನೆಯಲ್ಲಿ ಹೂದಾನಿ ಉಂಟಾ? ಆ ದಿನ ನೆಂಟರು ಬರ್ತಾರಾ, ಅಲ್ಲ ಅಮ್ಮ ಒಬ್ಬರೇಯಾ? ತಲೆಗೆ ಮಲ್ಲಿಗೆ ಮುಡೀತಾರಾ?" ಎಂದು ಒಂದರ ಹಿಂದೆ ಒಂದು ಕೇಳಿದರು. ತಂಗಿ ಸ್ವಲ್ಪ ಹೊತ್ತು ಸುಮ್ಮನಾದಳು. ಬಣ್ಣ ಅವಳಿಗೂ ಗೊತ್ತಿರಲಿಲ್ಲ. ತಾಯಿಯ ಸೀರೆಗಳನ್ನು ನೆನೆದು "ತಿಳಿ ಗುಲಾಬಿ ಇರಬಹುದು, ಕಡು ಕೆಂಪು ಉಡುದಿಲ್ಲ" ಅಂದಳು. ಚಿತ್ರದಲ್ಲಿದ್ದ 24 ಕೆಂಪು ಗುಲಾಬಿ ಹೀಗೆ ಯಾರೂ ಬೇಡವೆನ್ನದೆ ಪಟ್ಟಿಯಿಂದ ಇಳಿಯಿತು.

ಮಲ್ಲಿಗೆಯ ವಿಷಯದಲ್ಲಿ ಮಾತ್ರ ಜಗ್ಗಾಟ ನಡೆಯಿತು. "ಮಲ್ಲಿಗೆ ಅಮ್ಮ ದಿನಾ ತಗೊಳ್ತಾರೆ, ಅದು ಗಿಫ್ಟ್ ಹೇಗೆ ಆಗ್ತದೆ?" ಎಂಬುದು ತಂಗಿಯ ವಾದ. ಅಂಗಡಿಯವರದ್ದು, "ದಿನಾ ತಗೊಳ್ಳುವವರಿಗೆ ಆ ದಿನ ಬರದಿದ್ರೆ ಬೇಜಾರಲ್ವಾ? ಮಳೆಗಾಲದಲ್ಲಿ ಅವರು ತುಂಡು ತಗೊಳ್ಳುದು, ನೀವು ಇಡೀ ಚೆಂಡು ಕೊಡಿ." ನನಗೆ ಅಂಗಡಿಯವರ ಮಾತೇ ಸರಿ ಕಂಡಿತು. ಕಟಪಾಡಿ ಪಕ್ಕದ ಶಂಕರಪುರದ ಸುತ್ತ ಬೆಳೆಯುವ, ಭೌಗೋಳಿಕ ಸೂಚಕ ಪಡೆದಿರುವ ಉಡುಪಿ ಮಲ್ಲಿಗೆಗೆ ಅದರದೇ ಅಳತೆ ಇದೆ: ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೆ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಗಿಡ ತುಂಬಾ ಹೂವು, ಮಳೆಯಲ್ಲಿ ಇಳುವರಿ ಬಿದ್ದು ದರ ಏರುತ್ತದೆ. ಇದನ್ನು ಬೊಕೆಗೆ ಸಿಕ್ಕಿಸಲಾಗದು. ಮೊಗ್ಗಿಗೆ ಕಡ್ಡಿಯಿಲ್ಲ, ಬಾಳೆನಾರಿನಲ್ಲಿ ಕಟ್ಟಿಯೇ ಮಾರುವುದು. ಹಾಗಾಗಿ ಬಾಳೆಲೆಯಲ್ಲಿ ಸುತ್ತಿ ಬೇರೆಯೇ ಕಳಿಸುವುದೆಂದು ತೀರ್ಮಾನವಾಯಿತು.

ಉಳಿದದ್ದು: ತಿಳಿಗೆಂಪು ಗುಲಾಬಿ ಹತ್ತು, ಗುಲಾಬಿ ಬಣ್ಣದ ಕಾರ್ನೇಷನ್ ಎಂಟು, ಬಿಳಿ ನೇರಳೆ ಡೆಂಡ್ರೋಬಿಯಮ್ ಆರ್ಕಿಡ್, ಆಂಥೂರಿಯಂ, ಬಸ್ಸಿನಲ್ಲಿ ಬಂದರೆ ಎರಡು ಲಿಲ್ಲಿ. ಆರ್ಕಿಡ್ ಮತ್ತು ಆಂಥೂರಿಯಂ ಕಾರ್ಕಳ ಕಡೆ ಮನೆಯಂಗಳದಲ್ಲೇ ಶೇಡ್‌ನೆಟ್ ಕಟ್ಟಿ ಬೆಳೆಯುವ ಒಬ್ಬರಿಂದ. ಇವೆರಡೂ ಮಳೆ, ಸೆಕೆ, ತೇವಕ್ಕೆ ಹುಟ್ಟಿದ ಗಿಡಗಳು. ನಮ್ಮ ಜುಲೈ ಅವಕ್ಕೆ ತವರುಮನೆ. ಜಿಪ್ಸಿ ಬೇಡವೆಂದು ಅಂಗಡಿಯವರೇ ತೆಗೆದರು. ಒದ್ದೆಯಾದ ಜಿಪ್ಸಿ ಒಂದೇ ದಿನದಲ್ಲಿ ಕಂದುಗಟ್ಟಿ ಇಡೀ ಬೊಕೆಯನ್ನು ಹಳೆಯದು ಮಾಡುತ್ತದೆ. ಅದರ ಬದಲು ಸಾಂಗ್ ಆಫ್ ಇಂಡಿಯಾ ಎಲೆ, ಅರೆಕಾ ಪಾಮ್ ಗರಿ. ಮುಂಗಡವಾಗಿ 3,000 ರೂಪಾಯಿ ಅಲ್ಲಿಯೇ ಸಂದಾಯವಾಯಿತು. ಲಿಲ್ಲಿ ಬರದಿದ್ದರೆ ಏನು ಮಾಡುವುದೆಂದು ಮೊದಲೇ ಮಾತಾಗಿತ್ತು: ಬಣ್ಣ ಕೆಡದಂತೆ ಅಂಗಡಿಯವರಿಗೆ ಸರಿ ಕಂಡದ್ದು. ದೂರದಲ್ಲಿರುವವರು ಬಾಯಿಬಿಟ್ಟು ಕೊಡಬೇಕಾದ ಅನುಮತಿ ಇದೊಂದೇ. ಇದು ಇಲ್ಲದಿದ್ದರೆ ಅಂಗಡಿಯವರು ಚಿತ್ರದಲ್ಲಿದ್ದ ಹೂವನ್ನೇ, ಅದು ಮೂರು ದಿನದ ಹಳೆಯದಾದರೂ, ಸಿಕ್ಕಿಸಿ ಕಳಿಸುತ್ತಾರೆ. ಚಿತ್ರಕ್ಕೆ ಹೊಂದಿತಲ್ಲ, ಯಾರೂ ಕೇಳುವಂತಿಲ್ಲ.

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಬಸ್ಸು ಘಾಟಿಯಲ್ಲಿ ಸಿಕ್ಕಿಕೊಂಡು ಶನಿವಾರ ಮಧ್ಯಾಹ್ನ ಬಂತು. ಪೆಟ್ಟಿಗೆ ಬಿಚ್ಚುವಾಗ ನಾನಿದ್ದೆ. ಲಿಲ್ಲಿ ಬಂದಿರಲಿಲ್ಲ. ಗುಲಾಬಿಯ ಹೊರ ಎಸಳುಗಳು ಜಜ್ಜಿದ್ದವು. ನಾನಾಗಿದ್ದರೆ ಎಸೆಯುತ್ತಿದ್ದೆ, ಅವರು ಒಂದೊಂದು ಹೂವಿನ ಹೊರಗಿನ ಎರಡು ಮೂರು ಎಸಳನ್ನು ಬುಡದಿಂದ ಹೊರಳಿಸಿ ಕಿತ್ತರು, ಒಳಗೆ ಹೊಸ ಹೂವು. ಆ ಹೊರ ಎಸಳು ಇರುವುದೇ ಪ್ರಯಾಣದಲ್ಲಿ ಏಟು ತಿನ್ನಲಿಕ್ಕೆ ಅಂತೆ.

ಆಮೇಲೆ ಕಡ್ಡಿಯ ತುದಿಯನ್ನು ಎರಡು ಬೆರಳಿನಷ್ಟು ಓರೆಯಾಗಿ, ಬಕೆಟ್ಟಿನ ನೀರಿನೊಳಗೇ ಕೈಯಿಟ್ಟು ಕತ್ತರಿಸಿದರು. ಇದರ ಹಿಂದಿನ ಕಾರಣ ಸಸ್ಯಶಾಸ್ತ್ರದ್ದು. ಕಡ್ಡಿಯೊಳಗೆ ಸಪೂರ ಕೊಳವೆಗಳಲ್ಲಿ ನೀರು ಎಳೆ ಹಿಡಿದು ಮೇಲೇರುತ್ತದೆ. ಒಣಗಿ ಬಂದ ಕಡ್ಡಿಯ ಬಾಯಲ್ಲಿ ಗಾಳಿ ಸೇರಿಕೊಂಡರೆ ಆ ಎಳೆ ತುಂಡಾಗುತ್ತದೆ. ಆಮೇಲೆ ನೀರಿನಲ್ಲಿ ಇಟ್ಟರೂ ಹೂವಿನ ತಲೆಗೆ ಅದು ಮುಟ್ಟುವುದಿಲ್ಲ. ಕೊಳಕು ನೀರಾದರೆ ಬ್ಯಾಕ್ಟೀರಿಯಾ ಬೆಳೆದು ಅದೇ ಬಾಯನ್ನು ಮುಚ್ಚುತ್ತದೆ. ಗುಲಾಬಿ ಕತ್ತು ಬಗ್ಗಿಸುವುದು ಬಹಳ ಸಲ ಹೀಗೆ. ಅದು ಮುಪ್ಪು ಅಲ್ಲ, ಬಾಯಾರಿಕೆ. ಹಿಂದಿನ ವರ್ಷ ಚಿಕ್ಕಮ್ಮನ ಮನೆಗೆ ಬಂದ ಗುಲಾಬಿಗಳನ್ನೂ ಆ ಸಂಜೆಯೇ ಹೊಸದಾಗಿ ಕತ್ತರಿಸಿ, ಕುತ್ತಿಗೆಯವರೆಗೆ ಕಾಗದ ಸುತ್ತಿ ನೇರ ನಿಲ್ಲಿಸಿ, ಆಳದ ನೀರಿನಲ್ಲಿ ಇಟ್ಟಿದ್ದರೆ ಅರ್ಧವಾದರೂ ಎದ್ದು ನಿಲ್ಲುತ್ತಿದ್ದವು. ಆಗ ಹೇಳುವವರು ಯಾರೂ ಇರಲಿಲ್ಲ.

ಅಂಗಡಿಯಲ್ಲಿ ತಂಪು ಪಾನೀಯ ಇಡುವಂಥ ಗಾಜಿನ ಬಾಗಿಲಿನ ಫ್ರಿಜ್ ಇದೆ. ಗುಲಾಬಿ, ಕಾರ್ನೇಷನ್ ಅದರೊಳಗೆ ಹೋದವು. ಆಂಥೂರಿಯಂ, ಆರ್ಕಿಡ್ ಹೊರಗೆ ನೆರಳಿನಲ್ಲೇ ಉಳಿದವು. ಉಷ್ಣವಲಯದ ಹೂವಿಗೆ ಹತ್ತು ಹನ್ನೆರಡು ಡಿಗ್ರಿಗಿಂತ ಕೆಳಗಿನ ಚಳಿ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ಗುಲಾಬಿಗೆ ಎರಡರಿಂದ ನಾಲ್ಕು ಡಿಗ್ರಿಯೂ ಹಿತ. ಇದು ತಿಳಿಯದ ಅಂಗಡಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಫ್ರಿಜ್ಜಿಗೆ ತುಂಬಿ, ದುಬಾರಿ ಹೂವನ್ನೇ ಮೊದಲು ಕೊಲ್ಲುತ್ತಾರೆ. ಅಂಗಡಿಯ ಹುಡುಗ ತನ್ನ ಊಟದ ಡಬ್ಬಿಯ ಜೊತೆ ಇಟ್ಟಿದ್ದ ಮಾವಿನಹಣ್ಣನ್ನು ಅವರು ಫ್ರಿಜ್ಜಿನಿಂದ ತೆಗೆಸಿದ್ದನ್ನೂ ಕಂಡೆ. ಅದರ ಕಾರಣ ಮುಂದೆ ಬರುತ್ತದೆ.

ಲಿಲ್ಲಿಯ ಜಾಗಕ್ಕೆ ಆಂಥೂರಿಯಂ ಎರಡು ಹೆಚ್ಚು ಬಿದ್ದವು. ನನಗೆ ಕೇಳಿದರೆ ಲಾಭವೇ. ಲಿಲ್ಲಿಯ ಪರಾಗ ಬಟ್ಟೆಗೆ ತಾಗಿದರೆ ಹಳದಿ ಕಲೆ ಸುಲಭಕ್ಕೆ ಹೋಗುವುದಿಲ್ಲ, ಅಂಗಡಿಯವರು ಅರಳುವಾಗಲೇ ಕೇಸರಗಳನ್ನು ಚಿವುಟಬೇಕು. ಅದಕ್ಕಿಂತ ದೊಡ್ಡ ವಿಷಯ, ಚಿಕ್ಕಮ್ಮನ ಮನೆಯಲ್ಲಿ ಬೆಕ್ಕಿದೆ. ಲಿಲ್ಲಿಯ ಎಲೆ, ಎಸಳು, ಪರಾಗ, ಹೂದಾನಿಯ ನೀರು ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಟ್ಟು ಸಾಯಬಹುದು. ಮನೆಯಲ್ಲಿ ಬೆಕ್ಕು ಉಂಟಾ ಎಂದು ಯಾವ ಆರ್ಡರ್ ಫಾರಮ್ಮಿನಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ.

ನೀರು ಹೀರಿಟ್ಟುಕೊಳ್ಳುವ ಓಯಸಿಸ್ ಫೋಮಿನ ಬುಟ್ಟಿಯೋ, ಕೈಕಟ್ಟಿನ ಬೊಕೆಯೋ ಎಂಬ ಪ್ರಶ್ನೆ ಬೇಗ ಬಗೆಹರಿಯಿತು. ಫೋಮಿನಲ್ಲಿ ಚುಚ್ಚಿದ್ದನ್ನು ಮನೆಯವರು ಬಿಡಿಸುವುದಿಲ್ಲ, ನೀರನ್ನೂ ಹಾಕುವುದಿಲ್ಲ, ಮೂರನೇ ದಿನಕ್ಕೆ ಒಣಗುತ್ತದೆ. ಕೈಕಟ್ಟಾದರೆ ದಾರ ಬಿಚ್ಚಿ ನೀರಿಗಿಡಬಹುದು. ತುದಿಗೆ ಒದ್ದೆ ಹತ್ತಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡು, ಹೊರಗೆ ಕಾಗದ. ಕಾರ್ಡಿನ ಮೇಲೆ ತಂಗಿಯ ಸಂದೇಶವನ್ನು ಜೆಲ್ ಪೆನ್ನಿನಲ್ಲಿ ಬರೆಯಲು ಹೊರಟ ಹುಡುಗನಿಂದ ಪೆನ್ನು ಕಸಿದುಕೊಂಡು ಅಂಗಡಿಯವರು ಬಾಲ್ ಪೆನ್ನು ಕೊಟ್ಟರು. ಮಳೆಗಾಲ.

ತಲುಪಿಸುವ ವಿಚಾರದಲ್ಲಿ ತಂಗಿಗೆ ಒಂದೇ ಹಟ: ಸರ್‌ಪ್ರೈಸ್ ಆಗಬೇಕು, ಅಮ್ಮನಿಗೆ ಫೋನು ಮಾಡಬಾರದು. ಅಂಗಡಿಯವರದ್ದು ತದ್ವಿರುದ್ಧ ನಿಯಮ: ಫೋನು ಮಾಡದೆ ಹೂ ಅಂಗಡಿ ಬಿಡುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದೆ ಬೊಕೆ ವಾಪಸು ಬಂದರೆ ಎರಡನೇ ಸಲದ ಆಟೋ ಬಾಡಿಗೆ ಯಾರ ತಲೆಗೆ? ವಿಳಾಸವೂ ಹಾಗೇ. ಚಿಕ್ಕಮ್ಮನ ಮನೆಗೆ ನಂಬರು ಉಂಟು, ಆದರೆ ಆ ನಂಬರು ಹೇಳಿದರೆ ಅದೇ ಬೀದಿಯವರಿಗೂ ತಿಳಿಯುವುದಿಲ್ಲ. ನಾಗಬನ ದಾಟಿ, ಬಲಕ್ಕೆ ಹಲಸಿನ ಮರದ ಗೇಟು, ಟೀಚರಮ್ಮನ ಮನೆ ಎಂದರೆ ಯಾರೂ ತೋರಿಸುತ್ತಾರೆ. ಜಾಲತಾಣದ ಫಾರಮ್ಮಿನಲ್ಲಿ ಪಿನ್‌ಕೋಡಿಗೆ ಜಾಗ ಇರುತ್ತದೆ, ಹಲಸಿನ ಮರಕ್ಕಿಲ್ಲ. ಹಿಂದಿನ ವರ್ಷದ ಬೊಕೆ ಸಂಜೆಯವರೆಗೆ ಸುತ್ತಿದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ. ಕೊನೆಗೆ ಪಕ್ಕದ ಮನೆಯವರ ಫೋನು ನಂಬರು ಕೊಟ್ಟೆವು. ಭಾನುವಾರ ಬೆಳಿಗ್ಗೆ ದೇವಸ್ಥಾನಕ್ಕೆ ಹೋದ ಚಿಕ್ಕಮ್ಮ ವಾಪಸು ಬಂದ ಕೂಡಲೇ ಅವರು ತಿಳಿಸಿದರು. ಆಮೇಲೆಯೇ ಆಟೋ ಹೊರಟದ್ದು. ಸ್ಕೂಟರಿನಲ್ಲಿ ಕಳಿಸಿದ್ದರೆ ಎಪ್ಪತ್ತು ರೂಪಾಯಿ ಉಳಿಯುತ್ತಿತ್ತು, ಹೂವು ಉಳಿಯುತ್ತಿರಲಿಲ್ಲ.

ಇದೇ ಬೊಕೆ ಮಣಿಪಾಲದ ಆಸ್ಪತ್ರೆ ವಾರ್ಡಿಗೋ ಮಂಗಳೂರಿನ ನರ್ಸಿಂಗ್ ಹೋಮಿಗೋ ಹೋಗಬೇಕಿದ್ದರೆ ಕೇಳಬೇಕಾದ್ದೇ ಬೇರೆ. ತೀವ್ರ ನಿಗಾ ಘಟಕಕ್ಕೆ ಸಾಮಾನ್ಯವಾಗಿ ಹೂವು ಬಿಡುವುದಿಲ್ಲ. ವಾರ್ಡಿನಲ್ಲೂ ಗಾಢ ಪರಿಮಳದ ಸುಗಂಧರಾಜ, ಪರಾಗ ಉದುರುವ ಲಿಲ್ಲಿ ಬೇಡ. ರೋಗಿ ಮನೆಗೆ ಬಂದ ಮೇಲೆ ಕಳಿಸಿದರೆ ಹೂವನ್ನು ನೋಡಲು ಪುರುಸೊತ್ತೂ ಇರುತ್ತದೆ.

ಈಗ ಲೆಕ್ಕ. 3,000 ರೂಪಾಯಿಯಲ್ಲಿ ಹೂವಿಗೆ 1,180, ಮಲ್ಲಿಗೆ ಚೆಂಡಿಗೆ 260, ಎಲೆ, ಕಾಗದ, ರಿಬ್ಬನ್ನಿಗೆ 190, ಆಟೋ ಹೋಗಿಬರಲು 250. ಉಳಿದ 1,120 ಅಂಗಡಿಯದು. ಕೇಳಲಿಕ್ಕೆ ದೊಡ್ಡ ಲಾಭ. ಆದರೆ 20ರ ಗುಲಾಬಿ ಬಂಚಿನಲ್ಲಿ ನಮಗೆ ಹೋದದ್ದು ಹತ್ತು. ಆಟಿಯಲ್ಲಿ ಉಳಿದ ಹತ್ತಕ್ಕೆ ಗಿರಾಕಿ ಸಿಗದಿದ್ದರೆ ಅದರ ಬೆಲೆಯೂ ಇದರಲ್ಲೇ ಮುಳುಗಬೇಕು. ಬಾಡಿಗೆ, ಫ್ರಿಜ್ಜಿನ ಕರೆಂಟು, ಹುಡುಗನ ಸಂಬಳವೂ ಇದರಲ್ಲೇ.

ಇದೇ ಆರ್ಡರ್ ಜಾಲತಾಣದಿಂದ ಬಂದರೆ ತನ್ನ ಕೈಗೆ ಸುಮಾರು 2,000 ಸಿಗುತ್ತದೆ ಎಂದರು ಅಂಗಡಿಯವರು. ಆಟೋ, ಕಾಗದದ ಖರ್ಚು ಕಡಿಮೆಯಾಗುವುದಿಲ್ಲ. ಅವರು ತಮ್ಮ 1,120 ಇಟ್ಟುಕೊಂಡರೆ ಹೂವಿಗೆ ಉಳಿಯುವುದು 440. ಆ 440 ರೂಪಾಯಿಯಲ್ಲಿ ಚಿತ್ರದ ಹಾಗೆ ಕಾಣುವ ಬೊಕೆ ಕಟ್ಟು ಎಂದರೆ ಬಕೆಟ್ಟಿನ ತಳದ ಹೂವೇ ಬರಬೇಕು. ಹಿಂದಿನ ವರ್ಷ ಯಾರೋ ಕೆಟ್ಟ ಹೂವನ್ನು ಬೇಕೆಂದೇ ಕಳಿಸಿದರು ಎಂದು ತಂಗಿ ಈಗಲೂ ನಂಬುತ್ತಾಳೆ. ನನಗೆ ಅದು ಮೋಸಕ್ಕಿಂತ ಹೆಚ್ಚು ಭಾಗಾಕಾರ ಅನ್ನಿಸುತ್ತದೆ.

ಮಧ್ಯವರ್ತಿಯನ್ನು ಬೈಯುವುದು ಸುಲಭ; ಆದರೆ ದೂರದೂರಿಗೆ ಹೂವು ಕಳಿಸುವ ವ್ಯವಸ್ಥೆ ಹುಟ್ಟಿದ್ದೇ ಮಧ್ಯವರ್ತಿಯಿಂದ. ಜರ್ಮನಿಯಲ್ಲಿ 1908ರಲ್ಲಿ, ಅಮೆರಿಕದಲ್ಲಿ 1910ರಲ್ಲಿ ಹೂವಿನ ಅಂಗಡಿಯವರೇ ಒಟ್ಟು ಸೇರಿ ಒಪ್ಪಂದ ಮಾಡಿಕೊಂಡರು. ಹೂವು ರೈಲಿನಲ್ಲಿ ಹೋಗಿ ಬಾಡುವುದು ಬೇಡ, ತಂತಿ ಸಂದೇಶ ಹೋಗಲಿ, ಆ ಊರಿನ ಅಂಗಡಿ ಆ ಊರಿನ ಹೂವು ಕೊಡಲಿ. ಬುದ್ಧಿವಂತಿಕೆಯ ಏರ್ಪಾಡು. ಅಲ್ಲಿ ಆರ್ಡರ್ ಹಿಡಿಯುವವನೂ ಹೂವಿನವನೇ ಆಗಿದ್ದ, ಈ ತಿಂಗಳು ಇದು ಸಿಗದು, ಅದನ್ನು ಕಳಿಸಿ ಎಂದು ಗಿರಾಕಿಯನ್ನು ಎದುರಿಗೇ ತಿದ್ದುತ್ತಿದ್ದ. ಈಗ ಆ ಜಾಗದಲ್ಲಿ ಚಿತ್ರ ಕೂತಿದೆ. ಕಮಿಷನ್ ಆಗಲೂ ಇತ್ತು, ಈಗಲೂ ಇದೆ. ಹೋದದ್ದು ಆ ತಿದ್ದುವ ಬಾಯಿ.

ಚಿಕ್ಕಮ್ಮ ಮೊದಲು ಬಿಚ್ಚಿದ್ದು ಬಾಳೆಲೆಯನ್ನು. ಅರ್ಧ ದೇವರ ಫೋಟೋಗೆ, ಸ್ವಲ್ಪ ತಲೆಗೆ, ಒಂದು ತುಂಡು ಪಕ್ಕದ ಮನೆಯವರಿಗೆ. ಆಮೇಲೆ ಬೊಕೆ ಎತ್ತಿಕೊಂಡು ವಿಡಿಯೋ ಕರೆಯಲ್ಲಿ ಮಗಳಿಗೆ ತೋರಿಸಿ, "ಚಂದ ಉಂಟು ಮಗಾ, ಇದಕ್ಕೆ ಎಷ್ಟು ಕೊಟ್ಟೆ?" ಎಂದು ಕೇಳಿದರು. ಮಗಳು ಐನೂರು ಅಂದಳು.

ಹೂದಾನಿ ಇಲ್ಲದ ಮನೆ. ಗಾಜಿನ ಹಳೆಯ ಹಾರ್ಲಿಕ್ಸ್ ಬಾಟಲಿ ಎರಡರಲ್ಲಿ ಹಂಚಿ ಇಟ್ಟದ್ದಾಯಿತು. ಅಂಗಡಿಯವರು ಚೀಟಿಯಲ್ಲಿ ಬರೆದುಕೊಟ್ಟ ಪ್ರಕಾರ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಲಿಂಬೆರಸ, ಕಾಲು ಸಣ್ಣ ಚಮಚ ಬ್ಲೀಚ್. ಸಕ್ಕರೆ ಹೂವಿಗೆ ಆಹಾರ, ಹುಳಿಯಿಂದ ನೀರು ಸಲೀಸಾಗಿ ಏರುತ್ತದೆ, ಬ್ಲೀಚಿನಿಂದ ಬ್ಯಾಕ್ಟೀರಿಯಾ ಸಾಯುತ್ತದೆ. ಸಕ್ಕರೆ ಮಾತ್ರ ಹಾಕಿ ಉಳಿದೆರಡನ್ನು ಬಿಟ್ಟರೆ ಸಾದಾ ನೀರಿಗಿಂತ ಕೆಡುಕು. ಚಿಕ್ಕಮ್ಮ ಬ್ಲೀಚ್ ಬಿಟ್ಟರು. ಎರಡು ದಿನಕ್ಕೊಮ್ಮೆ ನೀರು ಬದಲಿಸುವುದಾಗಿ ಒಪ್ಪಿ, ಮಾತಿನಂತೆ ಬದಲಿಸಿದರು. ಬಾವಿಯ ತಣ್ಣೀರು, ದಿನಾ ಮಳೆ, ನೆರಳಿನ ಮನೆ, ಅಷ್ಟೇ ಸಾಕಾಯಿತು.

ಎಡವಟ್ಟಾದದ್ದು ಕಾರ್ನೇಷನ್ನಿನಲ್ಲಿ. ಒಂದು ಬಾಟಲಿಯನ್ನು ಊಟದ ಮೇಜಿನ ಮೇಲಿಟ್ಟಿದ್ದರು. ಪಕ್ಕದ ಕೊಕ್ಕೆಯಲ್ಲಿ ಹಣ್ಣಾಗುತ್ತಿದ್ದ ಕದಳಿ ಗೊನೆ. ಹಣ್ಣಾಗುವ ಬಾಳೆಯಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ, ವಾಸನೆ ಗೊತ್ತಾಗುವುದಿಲ್ಲ, ಕಾಣುವುದಿಲ್ಲ. ಕಾರ್ನೇಷನ್ ಅದನ್ನು ಕಿಂಚಿತ್ತೂ ತಾಳದು, ಎಸಳುಗಳನ್ನು ಒಳಕ್ಕೆ ಮಡಚಿಕೊಂಡು ನಿದ್ದೆ ಹೋದ ಹಾಗೆ ಆಗುತ್ತದೆ, ಮತ್ತೆ ಏಳುವುದಿಲ್ಲ. ಅಂಗಡಿಯಲ್ಲಿ ಮಾವಿನಹಣ್ಣು ಫ್ರಿಜ್ಜಿನಿಂದ ಹೊರಬಿದ್ದದ್ದು ಇದೇ ಕಾರಣಕ್ಕೆ. ಮೂರನೇ ದಿನಕ್ಕೆ ಆ ಬಾಟಲಿಯ ಕಾರ್ನೇಷನ್ ಎಲ್ಲವೂ ಮುದುಡಿದವು, ಚಾವಡಿಯಲ್ಲಿದ್ದ ಇನ್ನೊಂದು ಬಾಟಲಿಯವು ವಾರ ಕಳೆದರೂ ಅರಳಿಯೇ ಇದ್ದವು. ಒಂದೇ ಬಂಚು, ಒಂದೇ ನೀರು, ನಡುವೆ ಒಂದು ಗೋಡೆ. ಅಂಗಡಿಯವರ ಚೀಟಿಯಲ್ಲಿ ಹಣ್ಣಿನ ಸುದ್ದಿ ಇರಲಿಲ್ಲ. ಈಗ ಸೇರಿಸಿದ್ದಾರೆ, ಅದೂ ಮೊದಲ ಸಾಲಿನಲ್ಲಿ.

ನಾಲ್ಕನೇ ದಿನ ಮೂರು ಗುಲಾಬಿ ಬಗ್ಗಿದವು, ಉಳಿದವು ಪೂರ್ತಿ ಅರಳಿ ಉದುರಿದವು. ಆರ್ಕಿಡ್ಡಿನ ಕೆಳಗಿನ ಹೂವುಗಳು ಒಂದೊಂದಾಗಿ ಬಿದ್ದರೂ ತುದಿಯವು ಹತ್ತು ದಿನ ದಾಟಿದವು. ಆಂಥೂರಿಯಂ ಎರಡನೇ ವಾರವೂ ಹೊಳೆಯುತ್ತಿತ್ತು. ಬಂದ ನೆಂಟರು ಪ್ಲಾಸ್ಟಿಕ್ಕಾ ಎಂದು ಮುಟ್ಟಿ ನೋಡಿದರಂತೆ. ಚಿಕ್ಕಮ್ಮನಿಗೆ ಅದೊಂದು ಬೇಸರ: "ಪ್ಲಾಸ್ಟಿಕ್ ಹಾಗೆ ಉಂಟು ಅದು, ಪರಿಮಳ ಇಲ್ಲ, ಬಾಡುದೂ ಇಲ್ಲ." ಬಾಳಿಕೆಯ ಲೆಕ್ಕದಲ್ಲಿ ಗೆದ್ದ ಹೂವು ಮನಸ್ಸಿನ ಲೆಕ್ಕದಲ್ಲಿ ಕೊನೆಗೆ ನಿಂತಿತು. ಇದನ್ನು ಅಂಗಡಿಯವರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಎಪ್ಪತ್ತು ದಾಟಿದ ಹೆಂಗಸರು ಆಂಥೂರಿಯಂ ಹೊಗಳಿದ್ದನ್ನು ತಾನು ಕೇಳಿಲ್ಲ, ಆದರೂ ಆಟಿಯಲ್ಲಿ ಬೇರೆ ದಾರಿಯಿಲ್ಲ ಅಂದರು.

ಲಿಲ್ಲಿಯ ಬಾಬ್ತು ಒಂದು ಬಾಕಿ ಉಳಿದಿತ್ತು. ಎರಡು ಲಿಲ್ಲಿಗಿಂತ ಎರಡು ಆಂಥೂರಿಯಂ ಅಗ್ಗ, ಆದ್ದರಿಂದ 200 ರೂಪಾಯಿ ವಾಪಸು ಕೊಡುವುದಾಗಿ ಅಂಗಡಿಯವರೇ ಹೇಳಿದರು. ತಂಗಿ ಮುಂದಿನ ಆರ್ಡರಿಗೆ ಇರಲಿ ಅಂದಳು. ಆ ಮುಂದಿನ ಆರ್ಡರ್ ಬಂದದ್ದು ಸೆಪ್ಟೆಂಬರ್ 8ಕ್ಕೆ, ಕಲ್ಯಾಣಪುರದಲ್ಲಿರುವ ಶಾಲಾ ಗೆಳತಿಯ ಮನೆಗೆ, ಮೇರಿ ಮಾತೆಯ ಹುಟ್ಟುಹಬ್ಬವಾಗಿ ಕರಾವಳಿಯ ಕೆಥೊಲಿಕರು ಆಚರಿಸುವ ಮೊಂತಿ ಹಬ್ಬದ ದಿನ. ಅಂಗಡಿಯವರು ಒಪ್ಪಲಿಲ್ಲ. ಆ ವಾರ ಮಕ್ಕಳು ಬಾಲೆ ಮರಿಯಮ್ಮನಿಗೆ ಅರ್ಪಿಸುವ ಹೂವಿಗೇ ಬೇಡಿಕೆ, ದರ ಮೇಲೆ, ಕಟ್ಟುವ ಕೈ ಖಾಲಿಯಿಲ್ಲ. "ಹತ್ತನೇ ತಾರೀಕಿಗೆ ಕೊಡ್ತೇನೆ, ಅದೇ ದುಡ್ಡಿಗೆ ಚಂದದ್ದು ಕೊಡ್ತೇನೆ" ಅಂದರು. ಈ ಸಲ ತಂಗಿ ಚಿತ್ರ ಕಳಿಸಲಿಲ್ಲ. ಗೆಳತಿಗೆ ಹಳದಿ ಇಷ್ಟ, ಮನೆಯಲ್ಲಿ ಬೆಕ್ಕಿಲ್ಲ, ನಾಯಿ ಉಂಟು, ಸಂಜೆ ಐದರ ಮೇಲೆ ಇರುತ್ತಾಳೆ, ಉಳಿದದ್ದು ನಿಮಗೆ ಬಿಟ್ಟದ್ದು ಎಂದು ಧ್ವನಿ ಸಂದೇಶ ಕಳಿಸಿ, 200 ಕಳೆದು ಉಳಿದ ದುಡ್ಡನ್ನು ಹಾಕಿದಳು. ನನಗೆ ಅದರ ಸುದ್ದಿ ಗೊತ್ತಾದದ್ದು ಅಂಗಡಿಗೆ ಬೇರೆ ಕೆಲಸಕ್ಕೆ ಹೋದಾಗ.